ವಾನರ ವೈರಸ್ಸಿನ ಋಣ

ಇಪ್ಪತ್ತನೆಯ ಶತಮಾನದ ಐವತ್ತರ ದಶಕದಲ್ಲಿ ಉತ್ತರ ಭಾರತದ ಹಳ್ಳಿಗಳಲ್ಲಿಯೂ ರಸ್ತೆಬದಿಯ ತೋಪುಗಳಲ್ಲಿಯೂ ಬಲೆಗೆ ಬಿದ್ದು, ಪಂಜರಗಳನ್ನು ಸೇರಿ, ವಿಮಾನಗಳ ಮೂಲಕ ಅಮೆರಿಕೆಗೂ ಯೂರೋಪಿಗೂ ರವಾನೆಯಾದ ರೀಸಸ್ ಕೋತಿಗಳ ಸಂಖ್ಯೆ ಕೆಲವು ವರ್ಷಗಳಲ್ಲಿ ಲಕ್ಷವನ್ನೂ ಮೀರಿದ್ದಿತು. ಗೋದಾವರಿಯ ಉತ್ತರಕ್ಕೆ ಹರಡಿಕೊಂಡಿರುವ ಈ ಜಾತಿಯು ನಮ್ಮ ಕನ್ನಡನಾಡಿನ ಗುಡಿಗೋಪುರಗಳ ಮೇಲೆ ಕಾಣಬರುವ ಕೋತಿಯಲ್ಲ, ಅದರ ಬಂಧುವೆನ್ನಬಹುದು. ಪರದೇಶದ ವಿಜ್ಞಾನಿಗಳಿಗೆ ಬೇಕಾಗಿದ್ದುದು ಆ ಪ್ರಾಣಿಯ ಮೂತ್ರಪಿಂಡ. ಪೋಲಿಯೋ ವೈರಸ್ಸನ್ನು ನರಮಂಡಲಕ್ಕೆ ಸೇರದ ಅಂಗಾಂಶದಲ್ಲಿಯೂ ಬೆಳೆಸಬಹುದೆಂದು 1949ರಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಎಂಬ ಮೂವರು ತೋರಿಸಿಕೊಟ್ಟ ಮೇಲೆ, ಕೆಲವೇ ವರ್ಷಗಳಲ್ಲಿ ಕೋತಿಯ ಮೂತ್ರಪಿಂಡದ ಜೀವಕೋಶಗಳೇ ಲಸಿಕೆಯ ತಯಾರಿಕೆಗೆ ಕ್ಷೇತ್ರವಾದವು. 1955ರ ಏಪ್ರಿಲಿನಲ್ಲಿ ಸಾಕ್ ಲಸಿಕೆಗೆ ಪರವಾನಗಿ ದೊರೆತ ಮೇಲಂತೂ ಆ ಬೇಡಿಕೆಗೆ ಮಿತಿಯೇ ಇಲ್ಲವಾಯಿತು. ಪ್ರಯಾಣದಲ್ಲಿ ಆ ಮೂಕಪ್ರಾಣಿಗಳು ಪಟ್ಟ ಯಾತನೆಯನ್ನು ಕಂಡು ಭಾರತ ಸರ್ಕಾರವು 1955ರಲ್ಲಿ ಕೆಲಕಾಲ ರಫ್ತನ್ನು ತಡೆದು, ಅನಂತರ ಷರತ್ತುಗಳನ್ನು ವಿಧಿಸಿ ಮತ್ತೆ ಅನುಮತಿ ನೀಡಿತು. ಪೂರ್ಣವಾದ ನಿಷೇಧ ಬಂದುದು 1978ರಲ್ಲಿ. ಅಷ್ಟರೊಳಗೆ ಆ ಕೋತಿಗಳ ಒಡಲಿನಲ್ಲಿ ಸದ್ದಿಲ್ಲದೆ ವಾಸಿಸುತ್ತಿದ್ದ ಒಂದು ವೈರಸ್ ಸಾಗರವನ್ನು ದಾಟಿ, ಲಸಿಕೆಯ ಸೀಸೆಗಳನ್ನು ಹೊಕ್ಕು, ಕೋಟಿ ಕೋಟಿ ಮಕ್ಕಳ ದೇಹವನ್ನು ಸೇರಿ, ಕಟ್ಟಕಡೆಗೆ ಜೀವಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಸ್ಥಿರವಾಗಿ ನೆಲೆಸಿತು. ಮನುಷ್ಯನ ಜೀವಕೋಶವು ತನ್ನ ಡಿಎನ್‌ಎಯನ್ನು ಇಮ್ಮಡಿಗೊಳಿಸಲು ಹೇಗೆ ತೊಡಗುತ್ತದೆಂಬ ಗಹನವಾದ ಪ್ರಶ್ನೆಗೆ ಮೊದಲ ಪ್ರಾಮಾಣಿಕ ಉತ್ತರ ದೊರೆತುದು ಈ ಅನಾಹೂತ ಅತಿಥಿಯಿಂದ. ಆ ಚರಿತ್ರೆಯೇ ಈ ಲೇಖನದ ವಿಷಯ.

ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಲಸಿಕೆಗಳ ಪರೀಕ್ಷೆಯ ಹೊಣೆ ಹೊತ್ತಿದ್ದ ಬರ್ನೀಸ್ ಎಡ್ಡಿ ಎಂಬ ವಿದುಷಿ, ರೀಸಸ್ ಕೋತಿಯ ಮೂತ್ರಪಿಂಡದ ಕೋಶಗಳ ಸಾರವನ್ನು ಆಗತಾನೆ ಹುಟ್ಟಿದ ಹ್ಯಾಮ್‌ಸ್ಟರ್ ಮರಿಗಳಿಗೆ ಚುಚ್ಚಿ ನೋಡಿದಾಗ, ಕೆಲವು ತಿಂಗಳುಗಳಲ್ಲಿ ಅವುಗಳ ಮೈಮೇಲೆ ಗೆಡ್ಡೆಗಳು ಎದ್ದವು. ಈಕೆ ಸಾಮಾನ್ಯಳಲ್ಲ. 1954ರಲ್ಲಿಯೇ, ಒಂದು ಕಂಪನಿಯ ಲಸಿಕೆಯಲ್ಲಿ ಪೋಲಿಯೋ ವೈರಸ್ ಜೀವಂತವಾಗಿ ಉಳಿದಿದೆಯೆಂಬುದನ್ನು ಪ್ರಯೋಗದ ಕೋತಿಗಳಿಗೆ ತಗಲಿದ ಪಾರ್ಶ್ವವಾಯುವಿನಿಂದ ಗುರುತಿಸಿ ಎಚ್ಚರಿಸಿದ್ದವಳು. ಸಾರಾ ಸ್ಟೂವರ್ಟ್ ಎಂಬ ಸಹೋದ್ಯೋಗಿಯೊಡನೆ ಇಲಿಗಳ ಪಾಲಿಯೋಮಾ ವೈರಸ್ಸನ್ನು ಬೆಳಕಿಗೆ ತಂದವಳು. ಹೀಗಿದ್ದರೂ ಆಕೆಯ ಮಾತಿಗೆ ಮೇಲಧಿಕಾರಿಗಳು ಕಿವಿಗೊಡಲಿಲ್ಲ. 1960ರ ಶರತ್ಕಾಲದಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಆಕೆ ತನ್ನ ಫಲಿತಾಂಶವನ್ನು ತಾನಾಗಿ ಅರುಹಿದುದಕ್ಕೆ ದೊರೆತ ಪ್ರತಿಫಲವೆಂದರೆ ಲಸಿಕೆಯ ಕೆಲಸದಿಂದ ದೂರವಾಗಿ ಪ್ರಯೋಗಶಾಲೆಯನ್ನು ಕಳೆದುಕೊಂಡುದು. ವಿಜ್ಞಾನದ ಇತಿಹಾಸವನ್ನು ಬರೆಯುವವರು ಇಂಥ ಹೆಸರುಗಳನ್ನು ಅಡಿಟಿಪ್ಪಣಿಗೆ ತಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ 1960ರಲ್ಲಿ ಮರ್ಕ್ ಸಂಸ್ಥೆಯ ಬೆನ್ ಸ್ವೀಟ್ ಮತ್ತು ಮಾರಿಸ್ ಹಿಲ್ಲೆಮನ್ ಎಂಬವರು ಆ ಗುಪ್ತವಾಸಿಯನ್ನು ಹಿಡಿದರು. ರೀಸಸ್ ಕೋತಿಯ ಕೋಶಗಳಲ್ಲಿ ಯಾವ ವಿಕಾರವನ್ನೂ ತೋರದೆ ಬೆಳೆಯುತ್ತಿದ್ದ ಈ ವೈರಸ್, ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದ ಕೋಶಗಳನ್ನು ಹೊಕ್ಕೊಡನೆ ಅವುಗಳಲ್ಲಿ ಗುಳ್ಳೆಗಳು ತುಂಬಿಕೊಂಡು ಕೋಶವೇ ಒಡೆದುಹೋಗುತ್ತಿತ್ತು. ಒಂದು ಜಾತಿಯಲ್ಲಿ ಮೌನ, ಇನ್ನೊಂದರಲ್ಲಿ ಸಂಹಾರ, ಮೂರನೆಯದರಲ್ಲಿ ಗೆಡ್ಡೆ. ಈ ಭೇದಕ್ಕೆ ಕಾರಣವೇನೆಂಬುದು ತಿಳಿಯಲು ಇಪ್ಪತ್ತೈದು ವರ್ಷಗಳು ಕಳೆಯಬೇಕಾಗಿದ್ದವು. ಕೋತಿಗಳಲ್ಲಿ ಕಂಡುಬಂದ ವೈರಸ್ಸುಗಳ ಪಟ್ಟಿಯಲ್ಲಿ ನಲವತ್ತನೆಯದಾಗಿ ಸೇರಿದ ಇದಕ್ಕೆ ಎಸ್‌ವಿ40 ಎಂಬ ಹೆಸರು ಬಂದಿತು. ಪೋಲಿಯೋ ವೈರಸ್ಸನ್ನು ಕೊಲ್ಲಲು ಬಳಸುತ್ತಿದ್ದ ಫಾರ್ಮಾಲ್ಡಿಹೈಡ್ ಇದನ್ನು ಪೂರ್ತಿಯಾಗಿ ಕೊಲ್ಲುತ್ತಿರಲಿಲ್ಲ. 1961ರಲ್ಲಿ ಅಮೆರಿಕೆಯ ಸರ್ಕಾರವು ಹೊಸ ಲಸಿಕೆಯಲ್ಲಿ ಇದು ಇರಕೂಡದೆಂದು ನಿಯಮ ಮಾಡಿತಾದರೂ ಹಳೆಯ ದಾಸ್ತಾನು 1963ರವರೆಗೂ ಬಳಕೆಯಲ್ಲಿತ್ತು. 1955ರಿಂದ ಅಲ್ಲಿಯವರೆಗಿನ ಎಂಟು ವರ್ಷಗಳಲ್ಲಿ ಲಸಿಕೆ ಪಡೆದ ಸುಮಾರು 9 ಕೋಟಿ 80 ಲಕ್ಷ ಅಮೆರಿಕನ್ನರಲ್ಲಿ ಒಂದು ಕೋಟಿಯಿಂದ ಮೂರು ಕೋಟಿ ಜನರಿಗೆ ಈ ವೈರಸ್ ಬೆರೆತ ಲಸಿಕೆ ಸಂದಿದ್ದಿರಬಹುದೆಂದು ಮುಂದೆ ಅಂದಾಜಾಯಿತು.

ಭಯವು ವಿಜ್ಞಾನಿಗಳನ್ನು ಈ ವೈರಸ್ಸಿನತ್ತ ಸೆಳೆಯಿತು. ಆದರೆ ಅವರನ್ನು ಅಲ್ಲಿ ಹಿಡಿದು ನಿಲ್ಲಿಸಿದುದು ಅದರ ಬಡತನ. ಮನುಷ್ಯನ ಸಾಮಾನ್ಯ ಜೀವಕೋಶವೊಂದರಲ್ಲಿ ಆರುನೂರು ಕೋಟಿಗೂ ಮಿಕ್ಕ ಅಕ್ಷರಜೋಡಿಗಳ ಡಿಎನ್‌ಎ ಇರುವಾಗ, ಎಸ್‌ವಿ40ರ ಸಮಸ್ತ ಆಸ್ತಿಯೆಂದರೆ ಉಂಗುರದಂತೆ ಸುತ್ತಿಕೊಂಡ 5,243 ಜೋಡಿಗಳು ಮಾತ್ರ. ಇಷ್ಟು ಅಲ್ಪವಾದ ಗ್ರಂಥದಲ್ಲಿ ಡಿಎನ್‌ಎಯನ್ನು ನಕಲು ಮಾಡುವ ಯಂತ್ರಸಾಮಗ್ರಿಯನ್ನೆಲ್ಲ ಬರೆದಿಡಲು ಎಡೆಯಿಲ್ಲ. ಆದುದರಿಂದ ಅದು ತನ್ನ ಆತಿಥೇಯ ಕೋಶದ ಪ್ರೋಟೀನುಗಳನ್ನೇ ದುಡಿಸಿಕೊಳ್ಳುತ್ತಿರಬೇಕು. ಹಾಗಿದ್ದಲ್ಲಿ, ವೈರಸ್ಸಿನ ದ್ವಿಗುಣನವನ್ನು ಬಗೆದು ನೋಡಿದವನಿಗೆ ಕೋಶದ ದ್ವಿಗುಣನವೂ ತಿಳಿದೀತು. ಈ ತರ್ಕ ಸರಳವಾದುದು. ಇದನ್ನು ಕೊನೆಯವರೆಗೆ ನಡೆಸಿಕೊಂಡು ಹೋದವರ ತಾಳ್ಮೆ ಮಾತ್ರ ಅಸಾಧಾರಣವಾದುದು.

ಆ ಕಾಲದಲ್ಲಿ ಡಿಎನ್‌ಎಯ ಪ್ರಶ್ನೆ ಎಲ್ಲಿ ನಿಂತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ವಾಟ್ಸನ್ ಮತ್ತು ಕ್ರಿಕ್ ಎಂಬವರು 1953ರಲ್ಲಿ ಎರಡೆಳೆಯ ಸುರುಳಿಯನ್ನು ಬಣ್ಣಿಸಿದ್ದರು. ಎಳೆಯನ್ನು ನೋಡಿ ಎಳೆಯನ್ನು ಬರೆಯುವ ಪಾಲಿಮರೇಸ್ ಕಿಣ್ವವನ್ನು ಆರ್ಥರ್ ಕಾರ್ನ್‌ಬರ್ಗ್ ಬ್ಯಾಕ್ಟೀರಿಯದಿಂದ ಹೊರತೆಗೆದಿದ್ದರು. ಆದರೆ ಬರೆಯುವ ಕಿಣ್ವಕ್ಕೆ ಬರೆವಣಿಗೆಯನ್ನು ಎಲ್ಲಿ ಆರಂಭಿಸಬೇಕೆಂಬುದು ತಿಳಿಯದು. ಹಾಗೆಯೇ, ಹಿಂದೆ ಇದ್ದ ಎಳೆಯ ತುದಿಗೆ ಹೊಸ ಅಕ್ಷರವನ್ನು ಜೋಡಿಸಬಲ್ಲುದೇ ಹೊರತು ಶೂನ್ಯದಿಂದ ಎಳೆಯನ್ನು ತೊಡಗಿಸಲಾರದು. 1963ರಲ್ಲಿ ಫ್ರಾಂಸ್ವಾ ಜಾಕೋಬ್, ಸಿಡ್ನಿ ಬ್ರೆನ್ನರ್ ಮತ್ತು ಫ್ರಾಂಸ್ವಾ ಕ್ಯೂಜಾಂ ಎಂಬವರು, ಡಿಎನ್‌ಎಯ ಮೇಲೆ ಒಂದು ನಿಯತವಾದ ಪ್ರಾರಂಭಸ್ಥಾನವಿದ್ದು, ಅದನ್ನು ಗುರುತಿಸಿ ಕಾರ್ಯವನ್ನು ತೊಡಗಿಸುವ ಪ್ರೋಟೀನೊಂದು ಇರಬೇಕೆಂದು ಊಹಿಸಿದರು. ಆ ಊಹೆಯು ಬ್ಯಾಕ್ಟೀರಿಯವನ್ನು ಕುರಿತದ್ದು. ಪ್ರಾಣಿಗಳ ಕೋಶದಲ್ಲಿಯೂ ಅಂಥ ಸ್ಥಾನ, ಅಂಥ ಪ್ರೋಟೀನು ಉಂಟೆಂಬುದಕ್ಕೆ ಪ್ರಮಾಣ ಎಲ್ಲಿಯೂ ಇರಲಿಲ್ಲ.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡೇನಿಯಲ್ ನೇಥನ್ಸ್ 1969ರಲ್ಲಿ ಇಸ್ರೇಲಿನಲ್ಲಿದ್ದಾಗ, ಊರಿನಿಂದ ಸಹೋದ್ಯೋಗಿ ಹ್ಯಾಮಿಲ್ಟನ್ ಸ್ಮಿತ್ ಬರೆದ ಕಾಗದವೊಂದು ಅವರ ಕೈ ಸೇರಿತು. ಡಿಎನ್‌ಎಯನ್ನು ಗೊತ್ತಾದ ಅಕ್ಷರಕ್ರಮ ಬಂದೆಡೆಯಲ್ಲಿ ಮಾತ್ರ ಕತ್ತರಿಸುವ ಕಿಣ್ವವೊಂದು ದೊರಕಿದೆಯೆಂಬುದು ಅದರ ಒಕ್ಕಣೆ. ನೇಥನ್ಸ್ ಊರಿಗೆ ಮರಳಿ, ಕ್ಯಾಥ್ಲೀನ್ ಡಾನ್ನ ಎಂಬ ವಿದ್ಯಾರ್ಥಿನಿಯೊಡನೆ ಆ ಕಿಣ್ವದಿಂದ ಎಸ್‌ವಿ40ರ ಉಂಗುರವನ್ನು ಕತ್ತರಿಸಿದರು. 1971ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಹನ್ನೊಂದು ತುಂಡುಗಳು, ಗಾತ್ರಕ್ಕನುಗುಣವಾಗಿ ಜೆಲ್ಲಿನ ಮೇಲೆ ಬೇರೆ ಬೇರೆ ಪಟ್ಟಿಗಳಾಗಿ ಕಾಣಿಸಿಕೊಂಡವು. ಮರುವರ್ಷದ ಪ್ರಯೋಗ ಇನ್ನೂ ಮನೋಹರವಾದುದು. ವೈರಸ್ ಬೆಳೆಯುತ್ತಿರುವ ಕೋಶಗಳಿಗೆ ವಿಕಿರಣಶೀಲವಾದ ಥೈಮಿಡೀನನ್ನು ಅತ್ಯಲ್ಪಕಾಲ ಉಣಿಸಿ, ಆಗಷ್ಟೇ ಪೂರ್ಣಗೊಂಡ ಉಂಗುರಗಳನ್ನು ಆಯ್ದು ಕತ್ತರಿಸಿದರೆ, ಕೊನೆಗೆ ಬರೆದ ಭಾಗದಲ್ಲಿ ವಿಕಿರಣ ಹೆಚ್ಚಾಗಿಯೂ ಮೊದಲು ಬರೆದ ಭಾಗದಲ್ಲಿ ಕನಿಷ್ಠವಾಗಿಯೂ ಇರತಕ್ಕದ್ದಷ್ಟೆ. ಹಾಗೆ ಅಳೆದು ನೋಡಿದಾಗ ನಕಲು ಒಂದೇ ಸ್ಥಾನದಲ್ಲಿ ತೊಡಗಿ, ಎಡಕ್ಕೂ ಬಲಕ್ಕೂ ಏಕಕಾಲದಲ್ಲಿ ಸಾಗಿ, ಉಂಗುರದ ಎದುರುಬದಿಯಲ್ಲಿ ಕೂಡಿಕೊಂಡು ಮುಗಿಯುವುದೆಂಬುದು ಸ್ಪಷ್ಟವಾಯಿತು. ಜಾಕೋಬರ ಪ್ರಾರಂಭಸ್ಥಾನ ಕೋತಿಯ ವೈರಸ್ಸಿನಲ್ಲಿಯೂ ಇದ್ದಿತು. ಅದಕ್ಕೊಂದು ವಿಳಾಸ ದೊರೆತಂತಾಯಿತು.

ಪ್ರಾರಂಭಕ ಪ್ರೋಟೀನಾವುದು? ಗೆಡ್ಡೆ ಬೆಳೆದ ಹ್ಯಾಮ್‌ಸ್ಟರುಗಳ ರಕ್ತದ್ರವದಲ್ಲಿರುವ ಪ್ರತಿಕಾಯಗಳು ಎಸ್‌ವಿ40ರ ಸೋಂಕು ತಗಲಿದ ಕೋಶದೊಳಗಿನ ಯಾವುದೋ ವಸ್ತುವನ್ನು ಹಿಡಿಯುವುವೆಂಬುದು 1963ರಲ್ಲಿ ಬೆಳಕಿಗೆ ಬಂದಿತ್ತು. ಗೆಡ್ಡೆಯ ಸಂಬಂಧದಿಂದ ಅದನ್ನು ಟಿ-ಆಂಟಿಜನ್ ಎಂದು ಕರೆದರು. ಅದು ಏನು ಮಾಡುತ್ತದೆಂಬುದನ್ನು ತೋರಿಸಿದ ಕೀರ್ತಿ ಪೀಟರ್ ಟೆಗ್ಟ್‌ಮೇಯರ್ ಅವರದು. ತಂಪಾದ ಕಾವಿನಲ್ಲಿ ನೆಟ್ಟಗೆ ನಡೆದು, ಕಾವು ಏರಿದೊಡನೆ ಕೆಲಸಗೆಡುವ ರೂಪಾಂತರಿ ವೈರಸ್ಸುಗಳನ್ನು ಅವರು 1972ರಲ್ಲಿ ಪರೀಕ್ಷಿಸಿದರು. ದ್ವಿಗುಣನ ನಡೆಯುತ್ತಿರುವಾಗಲೇ ಕಾವನ್ನು ಏರಿಸಿದರೆ, ಅದಾಗಲೇ ತೊಡಗಿದ್ದ ನಕಲುಗಳು ಯಾವ ಅಡ್ಡಿಯೂ ಇಲ್ಲದೆ ಪೂರ್ಣಗೊಳ್ಳುತ್ತಿದ್ದವು. ಹೊಸ ನಕಲು ಮಾತ್ರ ಒಂದೂ ತೊಡಗುತ್ತಿರಲಿಲ್ಲ. ದೋಷವಿದ್ದುದು ಟಿ-ಆಂಟಿಜನ್ನಿನ ವಂಶವಾಹಿಯಲ್ಲಿ. ಆದಿಯಲ್ಲಿಯೇ ಅದು ಅವಶ್ಯವೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷ್ಯ ಬೇಕಿಲ್ಲ. 1978ರಲ್ಲಿ, ಆ ವೈರಸ್ಸಿನ ಸಂಪೂರ್ಣ ಅಕ್ಷರಕ್ರಮ ಪ್ರಕಟವಾದ ವರ್ಷವೇ, ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿದ್ದ ರಾಬರ್ಟ್ ಜಿಯಾನ್ ಎಂಬ ತರುಣನು, ಟಿ-ಆಂಟಿಜನ್ನಿಗೆ ಸಮಾನವಾದ ಪ್ರೋಟೀನೊಂದು ನೇಥನ್ಸ್ ತೋರಿಸಿದ್ದ ಪ್ರಾರಂಭಸ್ಥಾನದ ಬಳಿಯಲ್ಲಿಯೇ ಡಿಎನ್‌ಎಗೆ ಅಂಟಿಕೊಳ್ಳುವುದೆಂದು ತೋರಿಸಿದನು. ಸ್ಥಾನ ದೊರಕಿತು, ಅದನ್ನು ಗುರುತಿಸುವ ಪ್ರೋಟೀನೂ ದೊರಕಿತು. ಇನ್ನು ಬೇಕಾದುದು ಕಾರ್ಯವನ್ನು ಕಣ್ಣೆದುರಿಗೆ ನಡೆಸಿ ತೋರಿಸುವ ಪ್ರಯೋಗ.

ಜೀವಂತವಾದ ಕೋಶದೊಳಗೆ ನಡೆಯುವುದನ್ನು ಕೋಶವನ್ನು ಒಡೆದ ಮೇಲೆ ಪ್ರನಾಳದಲ್ಲಿ ನಡೆಸುವುದೆಂದರೆ ಎಂಥ ಕಷ್ಟವೆಂಬುದು ಈ ಕ್ಷೇತ್ರದಲ್ಲಿ ದುಡಿದವರಿಗಷ್ಟೇ ಗೊತ್ತು. ಬ್ಯಾಕ್ಟೀರಿಯದ ಪ್ರಾರಂಭಸ್ಥಾನದಿಂದ ದ್ವಿಗುಣನವನ್ನು ಹಾಗೆ ನಡೆಸುವುದು ಕಾರ್ನ್‌ಬರ್ಗರ ಬಳಗಕ್ಕೆ ಸಾಧ್ಯವಾದುದು 1981ರಲ್ಲಿ. ಹ್ಯಾಮಿಲ್ಟನ್ ಸ್ಮಿತ್ತರೊಡನೆ ಆ ಮೊದಲ ಕತ್ತರಿಕಿಣ್ವ ಗುರುತಿಸುವ ಅಕ್ಷರಕ್ರಮವನ್ನು 1970ರಲ್ಲಿ ನಿರ್ಧರಿಸಿದ್ದ ಥಾಮಸ್ ಕೆಲ್ಲಿ, ಈಗ ಅದೇ ಜಾನ್ಸ್ ಹಾಪ್ಕಿನ್ಸಿನಲ್ಲಿ ಸ್ವಂತ ಪ್ರಯೋಗಶಾಲೆಯನ್ನು ಕಟ್ಟಿಕೊಂಡು, ಅಡೆನೋವೈರಸ್ಸಿನ ಡಿಎನ್‌ಎಯನ್ನು 1979ರಲ್ಲಿಯೇ ಕೋಶದ ಹೊರಗೆ ನಕಲಿಸಿದ್ದರು. ಆದರೆ ಅಡೆನೋವೈರಸ್ ತನ್ನದೇ ಪಾಲಿಮರೇಸನ್ನು ಹೊತ್ತು ತರುತ್ತದೆ; ಅದರಿಂದ ಆತಿಥೇಯನ ಗುಟ್ಟು ಸ್ವಲ್ಪವೇ ತಿಳಿದೀತು. ಪಾಲಿಮರೇಸನ್ನು ಹೊತ್ತು ತಾರದ ಎಸ್‌ವಿ40 ಕಡೆಗೆ ಕೆಲ್ಲಿಯವರ ದೃಷ್ಟಿ ಹೊರಳಿತು.

1984ರಲ್ಲಿ ಕೆಲ್ಲಿಯವರೂ ಅವರ ಶಿಷ್ಯ ಜೋಕಿಮ್ ಲೀಯೂ ಪ್ರಕಟಿಸಿದ ಪ್ರಯೋಗವನ್ನು ಹತ್ತಿರದಿಂದ ನೋಡುವುದು ಉಚಿತ. ಕೃಷಿ ಮಾಡಿದ ಜೀವಕೋಶಗಳನ್ನು ಉಪ್ಪಿನಂಶ ಕಡಮೆಯಾದ ದ್ರವದಲ್ಲಿಟ್ಟರೆ ಅವು ನೀರು ಹೀರಿ ಉಬ್ಬುತ್ತವೆ. ಗಾಜಿನ ಕೊಳವೆಯಲ್ಲಿ ಬಿಗಿಯಾಗಿ ಕೂರುವ ಗಾಜಿನ ದಂಡದಿಂದ ಮೆಲ್ಲನೆ ಒತ್ತಿ ಅವನ್ನು ಒಡೆದು, ಭರದಿಂದ ತಿರುಗುವ ಯಂತ್ರದಲ್ಲಿಟ್ಟು ಚರಟವನ್ನು ತಳಕ್ಕಿಳಿಸಿದರೆ ಮೇಲೆ ಉಳಿಯುವ ತಿಳಿಯೇ ಕೋಶಸಾರ. ಕೋತಿಯ ಕೋಶಗಳ ಈ ಸಾರಕ್ಕೆ ಎಸ್‌ವಿ40ರ ಪ್ರಾರಂಭಸ್ಥಾನವನ್ನು ಹೊಂದಿದ ಡಿಎನ್‌ಎ ಉಂಗುರಗಳನ್ನೂ, ಟಿ-ಆಂಟಿಜನ್ನನ್ನೂ, ಶಕ್ತಿಗಾಗಿ ಎಟಿಪಿಯನ್ನೂ, ಮೆಗ್ನೀಸಿಯಂ ಲವಣವನ್ನೂ, ವಿಕಿರಣಶೀಲವಾದ ನಾಲ್ಕಕ್ಷರಗಳ ಕಚ್ಚಾವಸ್ತುವನ್ನೂ ಬೆರೆಸಿ ದೇಹದ ಕಾವಿನಲ್ಲಿ ಇಟ್ಟರು. ಹೊಸ ಡಿಎನ್‌ಎ ಹುಟ್ಟಿತು. ಅದು ನಿಜವಾಗಿ ಇಡಿಯ ಉಂಗುರದ ನಕಲೋ, ಇಲ್ಲವೇ ಹರಕನ್ನು ತೇಪೆ ಹಾಕಿದ ಕೆಲಸವೋ? ಇದನ್ನು ತೂಗಿ ನೋಡಲು ಒಂದು ಸೊಗಸಾದ ಉಪಾಯವಿತ್ತು. ಬ್ಯಾಕ್ಟೀರಿಯದಲ್ಲಿ ಬೆಳೆಸಿದ ಡಿಎನ್‌ಎಯ ಮೇಲೆ ಆ ಬ್ಯಾಕ್ಟೀರಿಯ ಅಲ್ಲಲ್ಲಿ ಮೀಥೈಲ್ ಗುರುತುಗಳನ್ನು ಒತ್ತಿರುತ್ತದೆ. ಡಿಪಿಎನ್-1 ಎಂಬ ಕಿಣ್ವವು ಎರಡೆಳೆಗಳಲ್ಲಿಯೂ ಗುರುತಿರುವ ಡಿಎನ್‌ಎಯನ್ನು ಮಾತ್ರ ಕತ್ತರಿಸುತ್ತದೆ. ಪ್ರಾಣಿಕೋಶದ ಸಾರವು ಆ ಗುರುತನ್ನು ಒತ್ತಲಾರದಾದುದರಿಂದ, ಹೊಸದಾಗಿ ನಕಲಾದ ಉಂಗುರವು ಆ ಕಿಣ್ವದ ಬಾಯಿಗೆ ಸಿಕ್ಕದೆ ಅಖಂಡವಾಗಿ ಉಳಿಯಬೇಕು. ಉಳಿಯಿತು. ಟಿ-ಆಂಟಿಜನ್ನನ್ನು ಬಿಟ್ಟರೆ ಏನೂ ನಡೆಯಲಿಲ್ಲ; ಪ್ರಾರಂಭಸ್ಥಾನದ ಕೆಲವೇ ಅಕ್ಷರಗಳನ್ನು ಅಳಿಸಿದರೂ ನಡೆಯಲಿಲ್ಲ.

ಮರುವರ್ಷವೇ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಆಸ್ಟ್ರೇಲಿಯದ ಬ್ರೂಸ್ ಸ್ಟಿಲ್‌ಮನ್, ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯಲ್ಲಿ ಜೆರಾರ್ಡ್ ಹರ್ವಿಟ್ಜ್, ಮನುಷ್ಯನ ಕೋಶಗಳ ಸಾರದಿಂದಲೇ ಇದನ್ನು ಸಾಧಿಸಿದರು. ಈ ಕಾರ್ಯಕ್ಕೆ ಒದಗಿದ ಕೋಶಗಳಲ್ಲಿ ಹೀಲಾ ಕೋಶಗಳೂ ಇದ್ದವು. 1951ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡ ಹೆನ್ರಿಯೆಟ್ಟ ಲ್ಯಾಕ್ಸ್ ಎಂಬ ಕರಿಯ ಹೆಣ್ಣುಮಗಳ ದೇಹದಿಂದ, ಆಕೆಯ ಅರಿವಿಗೇ ಬಾರದಂತೆ, ತೆಗೆದಿರಿಸಿಕೊಂಡ ಕೋಶಗಳ ಸಂತತಿ ಅದು. ಕೋತಿಗಳ ಋಣದೊಡನೆ ಈ ಋಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದಿನ ಹತ್ತು ವರ್ಷ ಶೋಧನೆಯ ಕಾಲ. ಕೋಶಸಾರವೆಂಬ ಆ ಕಲಬೆರಕೆಯಲ್ಲಿ ಸಾವಿರಾರು ಪ್ರೋಟೀನುಗಳಿವೆ. ಅವುಗಳಲ್ಲಿ ದ್ವಿಗುಣನಕ್ಕೆ ಬೇಕಾದವು ಯಾವುವು? ಸಾರವನ್ನು ರಾಳದ ಸ್ತಂಭಗಳ ಮೂಲಕ ಹಾಯಿಸಿ ಪಾಲುಪಾಲಾಗಿ ವಿಂಗಡಿಸುವುದು, ಒಂದೊಂದು ಪಾಲನ್ನು ಬಿಟ್ಟು ಉಳಿದವನ್ನು ಕೂಡಿಸಿ ನೋಡುವುದು, ಯಾವುದನ್ನು ಬಿಟ್ಟರೆ ಕಾರ್ಯ ನಿಲ್ಲುವುದೋ ಅದರೊಳಗೆ ಮತ್ತೆ ಶೋಧಿಸುವುದು, ಹೀಗೆ ಮೂರು ಪ್ರಯೋಗಶಾಲೆಗಳೂ ಪೈಪೋಟಿಯಿಂದ ದುಡಿದವು. ಬಿಚ್ಚಿಕೊಂಡ ಒಂಟಿ ಎಳೆಗೆ ಕವಚದಂತೆ ಹೊದ್ದುಕೊಳ್ಳುವ, ಮೂರು ತುಣುಕುಗಳುಳ್ಳ ಆರ್‌ಪಿಎ ಎಂಬ ಪ್ರೋಟೀನು ಮೂರು ಕಡೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ ದೊರಕಿತು. ಅದು ಈಸ್ಟ್‌ನಿಂದ ಮನುಷ್ಯನವರೆಗೆ ಎಲ್ಲ ಕೋಶಗಳಿಗೂ ಅನಿವಾರ್ಯವೆಂದು ಬಳಿಕ ತಿಳಿಯಿತು.

ಪಿಸಿಎನ್‌ಎ ಎಂಬ ಇನ್ನೊಂದು ಪ್ರೋಟೀನಿನ ಕಥೆ ಹೇಳದೆ ಮುಂದೆ ಹೋಗಲಾಗದು. ಲೂಪಸ್ ಎಂಬ ವ್ಯಾಧಿಯಲ್ಲಿ ರೋಗಿಯ ದೇಹವು ತನ್ನ ಸ್ವಂತ ಕೋಶಗಳ ವಿರುದ್ಧವೇ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಅಂಥ ಕೆಲವು ರೋಗಿಗಳ ರಕ್ತದ್ರವವು ವೃದ್ಧಿಹೊಂದುತ್ತಿರುವ ಕೋಶಗಳ ಕೇಂದ್ರವನ್ನು ಮಾತ್ರ ಹಿಡಿಯುವುದೆಂದು 1978ರಲ್ಲಿ ವರದಿಯಾಗಿತ್ತು. ಅಲ್ಲಿ ಹಿಡಿಯಲ್ಪಟ್ಟ ವಸ್ತುವಿನ ಕಾರ್ಯವೇನೆಂಬುದು ವೈದ್ಯರಿಗೆ ತಿಳಿಯದು. ಒಂಬತ್ತು ವರ್ಷಗಳ ಮೇಲೆ ಸ್ಟಿಲ್‌ಮನ್ನರ ಪ್ರಯೋಗಶಾಲೆಯಲ್ಲಿ ಎಸ್‌ವಿ40ರ ದ್ವಿಗುಣನಕ್ಕೆ ಬೇಕಾದ ಪ್ರೋಟೀನೊಂದನ್ನು ಶುದ್ಧಮಾಡಿ ನೋಡಿದರೆ ಅದು ಇದೇ! ಡಿಎನ್‌ಎ ಎಳೆಯನ್ನು ಬಳಸಿ ನಿಲ್ಲುವ ಉಂಗುರ ಅದು. ಪಾಲಿಮರೇಸ್ ಎಳೆಯಿಂದ ಕಳಚಿ ಬೀಳದಂತೆ ಹಿಡಿದಿರುವುದೇ ಅದರ ಧರ್ಮ. ಕೋತಿಯ ವೈರಸ್ಸನ್ನು ಅರಸಿ ಹೊರಟವರು ರೋಗಿಯ ರಕ್ತದಲ್ಲಿ ಅಡಗಿದ್ದ ಒಗಟನ್ನು ಬಿಡಿಸಿದ ಈ ಪ್ರಸಂಗ ನನಗೆ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಪ್ರಿಯವಾದುದು.

ಹರ್ವಿಟ್ಜ್ ಅವರ ಬಳಗ 1986ರಲ್ಲಿ ಕಂಡುಕೊಂಡ ಸಂಗತಿ ಇದಕ್ಕಿಂತಲೂ ಗಂಭೀರವಾದುದು. ಇಲಿಯ ಕೋಶಗಳ ಸಾರದಲ್ಲಿ ಎಸ್‌ವಿ40 ಇಮ್ಮಡಿಯಾಗದು. ಇಲಿಯ ಪಾಲಿಯೋಮಾ ವೈರಸ್ ಮನುಷ್ಯಕೋಶದ ಸಾರದಲ್ಲಿ ಆಗದು. ಆದರೆ ಇಲಿಯ ಸಾರಕ್ಕೆ ಮನುಷ್ಯಕೋಶದಿಂದ ತೆಗೆದ ಒಂದೇ ಒಂದು ಪದಾರ್ಥವನ್ನು, ಎಂದರೆ ಆಲ್ಫಾ ಪಾಲಿಮರೇಸ್ ಮತ್ತು ಹೊಸ ಎಳೆಯನ್ನು ತೊಡಗಿಸುವ ಪ್ರೈಮೇಸ್ ಎಂಬ ಕಿಣ್ವಗಳು ಕೂಡಿದ ಸಂಯುಕ್ತವನ್ನು, ಬೆರೆಸಿದೊಡನೆ ಎಸ್‌ವಿ40ರ ದ್ವಿಗುಣನ ನಡೆಯಿತು. ಯಾವ ಪ್ರಾಣಿಯಲ್ಲಿ ವೈರಸ್ ಬೆಳೆಯಬಲ್ಲುದು, ಯಾವುದರಲ್ಲಿ ಬೆಳೆಯಲಾರದು ಎಂಬ ಹಳೆಯ ಪ್ರಶ್ನೆಗೆ ಉತ್ತರ ಇಲ್ಲಿತ್ತು: ವೈರಸ್ಸಿನ ಟಿ-ಆಂಟಿಜನ್ ಆತಿಥೇಯನ ಪ್ರೈಮೇಸನ್ನು ಕೈಹಿಡಿದು ತರಬಲ್ಲುದಾದರೆ ಕಾರ್ಯ ಸಾಗುತ್ತದೆ, ಅವೆರಡರ ಮೇಳ ಕೂಡದಿದ್ದರೆ ಇಲ್ಲ. ಹ್ಯಾಮ್‌ಸ್ಟರುಗಳಂಥ ದಂಶಕಗಳಲ್ಲಿ ವೈರಸ್ ತನ್ನ ಸಂತಾನವನ್ನು ಹೆಚ್ಚಿಸಿಕೊಂಡು ಕೋಶವನ್ನು ಕೊಲ್ಲಲಾರದೆ, ಅದನ್ನು ಕೆಣಕಿ ಗೆಡ್ಡೆಯಾಗಿಸುವುದಕ್ಕೆ ಈ ವಿಫಲತೆಯೇ ಮುಖ್ಯ ಕಾರಣ. ಬರ್ನೀಸ್ ಎಡ್ಡಿ ಕಂಡಿದ್ದ ಗೆಡ್ಡೆಗಳಿಗೆ ಹೀಗೆ ಇಪ್ಪತ್ತೈದು ವರ್ಷಗಳ ತರುವಾಯ ಅರ್ಥ ಬಂದಿತು.

ಶುದ್ಧಮಾಡಿದ ಪ್ರೋಟೀನುಗಳನ್ನಷ್ಟೇ ಕೂಡಿಸಿ ದ್ವಿಗುಣನವನ್ನು ನಡೆಸುವ ಯತ್ನಗಳು 1988ರಿಂದ 1990ರೊಳಗೆ ಫಲಿಸಿದವು. 1994ರಲ್ಲಿ ಶೋ ವಾಗ ಮತ್ತು ಸ್ಟಿಲ್‌ಮನ್ ಅದರ ಸಕಲಾಂಗಗಳನ್ನೂ ಕೂಡಿಸಿ ಚಿತ್ರವನ್ನು ಪೂರ್ಣಗೊಳಿಸಿದರು. ಆ ಚಿತ್ರ ಹೀಗಿದೆ. ಪ್ರಾರಂಭಸ್ಥಾನದ ತಿರುಳು 64 ಅಕ್ಷರಜೋಡಿಗಳ ಉದ್ದ. ಅದರ ನಡುವೆ ಐದೈದು ಅಕ್ಷರಗಳ ಒಂದೇ ಸಂಕೇತ ನಾಲ್ಕು ಬಾರಿ ಬರುತ್ತದೆ. ಟಿ-ಆಂಟಿಜನ್ ಈ ಸಂಕೇತವನ್ನು ಗುರುತಿಸಿ ಬಂದು ಕುಳಿತೊಡನೆ, ಎಟಿಪಿಯ ಸನ್ನಿಧಿಯಲ್ಲಿ, ಆರು ಪ್ರತಿಗಳು ಸೇರಿ ಒಂದು ಬಳೆಯೂ ಇನ್ನಾರು ಸೇರಿ ಎದುರುಬದುರಾದ ಇನ್ನೊಂದು ಬಳೆಯೂ ರೂಪುಗೊಳ್ಳುತ್ತವೆ. ಈ ಜೋಡಿಬಳೆಗಳನ್ನು 1989ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಣ್ಣಾರೆ ಕಂಡರು. ಬಳೆಗಳು ಬಿಗಿಯುತ್ತಲೇ ಒಂದು ಮಗ್ಗುಲಿನಲ್ಲಿ ಎಂಟು ಅಕ್ಷರಜೋಡಿಗಳಷ್ಟು ಎಳೆ ಕರಗಿ ತೆರೆದುಕೊಳ್ಳುತ್ತದೆ, ಇನ್ನೊಂದು ಮಗ್ಗುಲಿನಲ್ಲಿ ಸುರುಳಿ ಸಡಿಲಾಗುತ್ತದೆ. ಟಿ-ಆಂಟಿಜನ್ ಸ್ವತಃ ಹೆಲಿಕೇಸ್, ಎಂದರೆ ಎರಡೆಳೆಗಳನ್ನು ಬಿಡಿಸುವ ಯಂತ್ರ, ಎಂಬುದನ್ನು 1986ರಲ್ಲಿ ಜರ್ಮನಿಯ ಕೋನ್‌ಸ್ಟಾನ್ಜ್‌ನಲ್ಲಿ ಸ್ಟಾಲ್, ಡ್ರೋಗೆ, ಕ್ನಿಪ್ಪರ್ಸ್ ತೋರಿಸಿಕೊಟ್ಟಿದ್ದರು. ಹೆಣೆದ ಜಡೆಯನ್ನು ನಡುವಿನಿಂದ ಎರಡು ಕಡೆಗೂ ಬಿಡಿಸಹೊರಟರೆ ಎರಡು ಪಕ್ಕಗಳಲ್ಲಿಯೂ ತಿರುಚು ಬಿಗಿಯಾಗುತ್ತ ಹೋಗುವುದಷ್ಟೆ. ಆ ಬಿಗಿಯನ್ನು ಕತ್ತರಿಸಿ ಮತ್ತೆ ಕೂಡಿಸಿ ಸಡಿಲಿಸುವುದು ಕೋಶದ ಟೋಪೋಐಸೋಮರೇಸುಗಳ ಕೆಲಸ. ಬಿಚ್ಚಿದ ಎಳೆಗಳ ಮೇಲೆ ಆರ್‌ಪಿಎ ಹೊದಿಕೆಯಾಗುತ್ತದೆ.

ಇಲ್ಲಿಂದಾಚೆಗೆ ವೈರಸ್ಸಿನ ಆ ಒಂದು ಪ್ರೋಟೀನು ಕೋಶದ ಪ್ರೋಟೀನುಗಳೊಡನೆ ನಡೆಸುವ ವ್ಯವಹಾರವೇ ಪ್ರಾರಂಭದ ಹೃದಯ. ಟಿ-ಆಂಟಿಜನ್ ಆರ್‌ಪಿಎಯನ್ನೂ ಮುಟ್ಟುತ್ತದೆ, ಆಲ್ಫಾ ಪಾಲಿಮರೇಸ್-ಪ್ರೈಮೇಸನ್ನೂ ಮುಟ್ಟುತ್ತದೆ, ಟೋಪೋಐಸೋಮರೇಸನ್ನೂ ಮುಟ್ಟುತ್ತದೆ. ಎಲೆನ್ ಫ್ಯಾನಿಂಗ್ ಎಂಬ ವಿದುಷಿಯೂ ಅವರ ಸಂಗಡಿಗರೂ 1990ರಿಂದೀಚೆಗೆ ಈ ಸ್ಪರ್ಶಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. ಹಾಗೆ ಸ್ಥಳಕ್ಕೆ ಬಂದ ಪ್ರೈಮೇಸ್ ಹತ್ತಿಪ್ಪತ್ತು ಅಕ್ಷರಗಳೊಳಗಿನ ಒಂದು ಆರ್‌ಎನ್‌ಎ ತುಣುಕನ್ನು ಶೂನ್ಯದಿಂದ ಬರೆಯುತ್ತದೆ, ಆಲ್ಫಾ ಪಾಲಿಮರೇಸ್ ಅದಕ್ಕೆ ಇನ್ನಷ್ಟು ಡಿಎನ್‌ಎ ಅಕ್ಷರಗಳನ್ನು ಸೇರಿಸುತ್ತದೆ. ಕಾರ್ನ್‌ಬರ್ಗರ ಕಿಣ್ವ ಮಾಡಲಾರದೆಂದು ಹೇಳಿದ ಕೆಲಸ ಪ್ರೈಮೇಸಿನ ಈ ತೊಡಗುವಿಕೆಯೇ. ಆ ತುದಿಯನ್ನು ಆರ್‌ಎಫ್‌ಸಿ ಎಂಬ ಪ್ರೋಟೀನು ಹಿಡಿದು, ಆಲ್ಫಾವನ್ನು ಹೊರದೂಡಿ, ಪಿಸಿಎನ್‌ಎ ಉಂಗುರವನ್ನು ತೊಡಿಸುತ್ತದೆ; ಉಂಗುರದ ಆಸರೆಯಲ್ಲಿ ಡೆಲ್ಟಾ ಪಾಲಿಮರೇಸ್ ಸಾವಿರಾರು ಅಕ್ಷರಗಳನ್ನು ಬರೆಯುತ್ತ ಸಾಗುತ್ತದೆ. ಒಂದೆಳೆ ಅವಿಚ್ಛಿನ್ನವಾಗಿ ಬೆಳೆದರೆ ಎದುರೆಳೆ ತುಂಡುತುಂಡಾಗಿ ಬೆಳೆಯುತ್ತದೆ. ತುಂಡುಗಳ ನಡುವಣ ಆರ್‌ಎನ್‌ಎಯನ್ನು ಕೆಲವು ಕಿಣ್ವಗಳು ಅಳಿಸಿ, ಲಿಗೇಸ್ ಬೆಸೆಯುತ್ತದೆ. ಈ ದೊಡ್ಡ ಮೇಳದಲ್ಲಿ ವೈರಸ್ಸಿನದು ಒಂದೇ ಪ್ರೋಟೀನು. ಉಳಿದವೆಲ್ಲ ಆತಿಥೇಯನವು.

ಆ ಒಂದಾದರೂ ಪೂರ್ಣ ಸ್ವತಂತ್ರವೋ ಎಂದರೆ ಅಲ್ಲ. ಬ್ಯಾಕ್ಟೀರಿಯದಲ್ಲಿ ತಯಾರಿಸಿದ ಟಿ-ಆಂಟಿಜನ್ ಪ್ರಾರಂಭಸ್ಥಾನವನ್ನು ತೆರೆಯಲಾರದೆಂದೂ, ಅದರ 708 ಅಮೈನೋ ಆಮ್ಲಗಳ ಪೈಕಿ 124ನೆಯದಾದ ತ್ರಿಯೋನಿನ್‌ನ ಮೇಲೆ ಕೋಶದ ಸಿಡಿಸಿ2 ಎಂಬ ಕೈನೇಸ್ ಫಾಸ್ಫೇಟನ್ನು ಕೂರಿಸಿದರಷ್ಟೇ ತೆರೆಯಬಲ್ಲುದೆಂದೂ 1989ರಲ್ಲಿ ತಿಳಿಯಿತು. ಅದರ ನೆರೆಯ ಸೆರೀನ್‌ಗಳ ಮೇಲಿರುವ ಫಾಸ್ಫೇಟನ್ನು ಕೋಶದ್ದೇ ಆದ ಇನ್ನೊಂದು ಕಿಣ್ವ ತೆಗೆಯಬೇಕೆಂಬುದನ್ನು ಅದೇ ವರ್ಷ ಡೇವಿಡ್ ವರ್‌ಷಪ್ ಮತ್ತು ಕೆಲ್ಲಿ ತೋರಿಸಿದರು. ಕೋಶವನ್ನು ವಿಭಜನೆಯತ್ತ ನಡೆಸುವ ಕೈನೇಸೇ ವೈರಸ್ಸಿಗೂ ಅಪ್ಪಣೆ ಕೊಡುತ್ತದೆಂದಾಯಿತು. ಸುಮ್ಮನಿರುವ ಕೋಶದಲ್ಲಿ ದ್ವಿಗುಣನದ ಸಾಮಗ್ರಿ ವಿರಳ. ಆದುದರಿಂದ ಟಿ-ಆಂಟಿಜನ್ ಕೋಶದ ಕಾವಲುಗಾರರಾದ ಆರ್‌ಬಿ ಮತ್ತು ಪಿ53 ಎಂಬ ಪ್ರೋಟೀನುಗಳನ್ನು ಕಟ್ಟಿಹಾಕಿ, ಕೋಶವನ್ನು ಬಲಾತ್ಕಾರದಿಂದ ಎಬ್ಬಿಸುತ್ತದೆ. ಕ್ಯಾನ್ಸರ್ ವಿಜ್ಞಾನದಲ್ಲಿ ಇಂದು ಮನೆಮಾತಾಗಿರುವ ಪಿ53 ಮೊದಲು ಕಣ್ಣಿಗೆ ಬಿದ್ದುದೇ, 1979ರಲ್ಲಿ, ಟಿ-ಆಂಟಿಜನ್ನಿಗೆ ಅಂಟಿಕೊಂಡ ಸ್ಥಿತಿಯಲ್ಲಿ. ಆ ಕಥೆ ದೊಡ್ಡದು, ಬೇರೆಯೇ ಲೇಖನಕ್ಕೆ ಯೋಗ್ಯವಾದುದು.

ಈ ವೈರಸ್ ಕಲಿಸದ ಪಾಠವನ್ನೂ ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾದೀತು. ಮನುಷ್ಯಕೋಶವು ಹತ್ತಾರು ಸಾವಿರ ಪ್ರಾರಂಭಸ್ಥಾನಗಳಿಂದ ನಕಲನ್ನು ತೊಡಗಿಸಿಯೂ, ಒಂದು ಕೋಶಚಕ್ರದಲ್ಲಿ ಯಾವ ಸ್ಥಾನದಿಂದಲೂ ಎರಡನೆಯ ಬಾರಿ ತೊಡಗದಂತೆ ಕಟ್ಟುನಿಟ್ಟಾಗಿ ಕಾಯ್ದುಕೊಳ್ಳುತ್ತದೆ. ವೈರಸ್ಸಾದರೋ ಒಂದೇ ಕೋಶದಲ್ಲಿ ತನ್ನನ್ನು ಮತ್ತೆ ಮತ್ತೆ ನಕಲಿಸಿ ಸಾವಿರಗಟ್ಟಲೆ ಮಾಡಿಕೊಳ್ಳುತ್ತದೆ. ಸ್ಥಾನವನ್ನು ಗುರುತಿಸುವ ಕೋಶದ ಸ್ವಂತ ಪ್ರೋಟೀನುಸಮೂಹವಾದ ಓಆರ್‌ಸಿಯನ್ನು ಸ್ಟೀಫನ್ ಬೆಲ್ ಮತ್ತು ಸ್ಟಿಲ್‌ಮನ್ 1992ರಲ್ಲಿ ಈಸ್ಟ್‌ನಲ್ಲಿ ಕಂಡುಹಿಡಿದ ಮೇಲೆ, ಟಿ-ಆಂಟಿಜನ್ ಒಂದೇ ನಿರ್ವಹಿಸುವ ಗುರುತಿಸುವಿಕೆ, ತೆರೆಯುವಿಕೆ, ಬಿಡಿಸುವಿಕೆಗಳನ್ನು ಕೋಶವು ಅನೇಕ ಪ್ರೋಟೀನುಗಳಿಗೆ ಹಂಚಿಕೊಟ್ಟು, ಪ್ರತಿ ಹಂತದಲ್ಲಿಯೂ ತಡೆಯನ್ನಿರಿಸಿದೆಯೆಂಬುದು ತಿಳಿಯಿತು. ಎಳೆಯನ್ನು ಹೆಣೆಯುವ ಕಲೆಯನ್ನು ಎಸ್‌ವಿ40 ಕಲಿಸಿತು. ಸಂಯಮವನ್ನು ಕಲಿಯಲು ವಿಜ್ಞಾನಿಗಳು ಈಸ್ಟ್‌ನ ಬಳಿಗೆ ಹೋಗಬೇಕಾಯಿತು. ಕೆಲ್ಲಿ ಮತ್ತು ಸ್ಟಿಲ್‌ಮನ್ ಇಬ್ಬರಿಗೂ ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ವಿಟ್ಜ್ ಪಾರಿತೋಷಕ 2010ರಲ್ಲಿ ಸಂದಿತು.

ಲಸಿಕೆಯ ಮೂಲಕ ಹರಡಿದ ಎಸ್‌ವಿ40 ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡಿತೇ ಎಂಬ ಪ್ರಶ್ನೆಯನ್ನು ಪರಿಶೀಲಿಸಿದ ಅಮೆರಿಕೆಯ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು, ಹೌದೆನ್ನಲೂ ಅಲ್ಲವೆನ್ನಲೂ ಸಾಕ್ಷ್ಯ ಸಾಲದೆಂದು 2002ರಲ್ಲಿ ತೀರ್ಮಾನಿಸಿತು. ಆದರೆ ಎಸ್‌ವಿ40ರ ಸೋದರರೆನ್ನಬಹುದಾದ ಬಿಕೆ ಮತ್ತು ಜೆಸಿ ಎಂಬ ಎರಡು ವೈರಸ್ಸುಗಳು 1971ರಲ್ಲಿ ಬೆಳಕಿಗೆ ಬಂದವು; ಅವು ವಯಸ್ಕರಲ್ಲಿ ಬಹುಪಾಲು ಜನರ ದೇಹದಲ್ಲಿ ನೆಲೆಸಿವೆ. ಆರೋಗ್ಯವಂತನಿಗೆ ಅವುಗಳಿಂದ ಬಾಧೆಯಿಲ್ಲ. ಮೂತ್ರಪಿಂಡದ ಕಸಿ ಮಾಡಿಸಿಕೊಂಡು ರೋಗನಿರೋಧಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಸೇವಿಸುತ್ತಿರುವವನಲ್ಲಿ ಬಿಕೆ ವೈರಸ್ ಎದ್ದು ಆ ಹೊಸ ಮೂತ್ರಪಿಂಡವನ್ನೇ ಕೆಡಿಸಬಲ್ಲುದು, ನಿರೋಧಶಕ್ತಿ ಕುಂದಿದವನ ಮಿದುಳನ್ನು ಜೆಸಿ ವೈರಸ್ ಹಾಳುಮಾಡಬಲ್ಲುದು. ಅವೂ ಒಂದೊಂದು ಟಿ-ಆಂಟಿಜನ್ನನ್ನು ಮುಂದಿಟ್ಟುಕೊಂಡು, ಇದೇ ಆರ್‌ಪಿಎ, ಇದೇ ಪ್ರೈಮೇಸ್, ಇದೇ ಪಿಸಿಎನ್‌ಎಗಳನ್ನು ದುಡಿಸಿಕೊಂಡು ಇಮ್ಮಡಿಯಾಗುತ್ತವೆ. ವೈರಸ್ಸಿಗೆ ಸ್ವಂತ ಪಾಲಿಮರೇಸ್ ಇಲ್ಲವಾದುದರಿಂದ, ಹರ್ಪಿಸ್ ವೈರಸ್ಸಿನ ಪಾಲಿಮರೇಸನ್ನು ತಡೆಯುವ ಔಷಧದಂಥದು ಇಲ್ಲಿ ಸಲ್ಲದು. ಕೋಶದ ಪಾಲಿಮರೇಸನ್ನು ತಡೆದರೆ ಕೋಶವೇ ಉಳಿಯದು. ದಾಳಿ ಮಾಡಬಹುದಾದ ಎಡೆಯೆಂದರೆ ಟಿ-ಆಂಟಿಜನ್, ಮತ್ತು ಅದು ಕೋಶದ ಪ್ರೋಟೀನುಗಳನ್ನು ಮುಟ್ಟುವ ಸಂಧಿಗಳು. ಆ ಸಂಧಿಗಳನ್ನು ಗುರಿಯಾಗಿಟ್ಟ ಯಾವ ಔಷಧವೂ ಇನ್ನೂ ರೋಗಿಯ ಕೈ ಸೇರಿಲ್ಲ. ಬಿಕೆ ವೈರಸ್ ತಲೆಯೆತ್ತಿದಾಗ ವೈದ್ಯರು ಇಂದಿಗೂ ಮೊದಲು ಮಾಡುವುದು ನಿರೋಧಶಕ್ತಿಯನ್ನು ತಗ್ಗಿಸುವ ಔಷಧಗಳ ಪ್ರಮಾಣವನ್ನು ಕಡಮೆಮಾಡುವುದನ್ನೇ.